ಕಣದ ರಾಶಿಯೂ ದೇವರ ಪಾಲೂ: ಕ್ರೈಸ್ತ ಜೀವನದಲ್ಲಿ ದಶಮಾಂಶದ ಚರಿತ್ರೆ

ಒಂದು ಧರ್ಮಕೇಂದ್ರವು ನೂರು ಸಂವತ್ಸರಗಳನ್ನು ಪೂರೈಸಿದಾಗ ಅದರ ಮಕ್ಕಳು ಮೊದಲು ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಅನಂತರ ತಮ್ಮ ಹಿರಿಯರನ್ನು ಸ್ಮರಿಸುತ್ತಾರೆ. ದೇವಾಲಯದ ಕಟ್ಟಡ, ಇಲ್ಲಿ ಸೇವೆ ಸಲ್ಲಿಸಿದ ಗುರುಗಳು, ಕನ್ಯಾಸ್ತ್ರೀಯರು, ಉಪದೇಶಿಗಳು ಇವರ ವಿಚಾರವಾಗಿ ಈ ಸಂಚಿಕೆಯಲ್ಲಿ ಇತರ ಲೇಖಕರು ಬರೆದಿದ್ದಾರೆ. ನಾವು ಆರಿಸಿಕೊಂಡ ವಿಷಯ ಬೇರೆ. ಯಾವ ದೇವಾಲಯವೂ ತಾನಾಗಿ ಎದ್ದು ನಿಲ್ಲುವುದಿಲ್ಲ. ಯಾರೋ ಕೊಟ್ಟದ್ದರಿಂದಲೇ ಕಲ್ಲಿನ ಮೇಲೆ ಕಲ್ಲು ಕೂರುತ್ತದೆ. ಹೀಗೆ ಕೊಟ್ಟವರು ಯಾರು? ಏಕೆ ಕೊಟ್ಟರು? ಎಷ್ಟು ಕೊಡಬೇಕೆಂದು ಧರ್ಮಸಭೆ ಕೇಳಿತು? ಪಡೆದವರು ಅದನ್ನು ಹೇಗೆ ಕಾಪಾಡಿದರು? ಈ ಪ್ರಶ್ನೆಗಳಿಗೆ ಚರಿತ್ರೆ ನೀಡುವ ಉತ್ತರವನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ನಮ್ಮ ಕ್ರೈಸ್ತ ಬಂಧುಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ನೆಲದ ದಾನ ಪರಂಪರೆ

ಕೊಡುವ ಗುಣವನ್ನು ಕನ್ನಡ ನಾಡಿಗೆ ಕ್ರೈಸ್ತ ಧರ್ಮವು ಹೊಸದಾಗಿ ತಂದುಕೊಟ್ಟಿತೆಂದು ಹೇಳಿದರೆ ಅದು ಸತ್ಯಕ್ಕೆ ಅಪಚಾರವಾದೀತು. ಬಿ. ಎಲ್. ರೈಸ್ ಅವರು 1902ರಲ್ಲಿ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ ಅಂದಿನ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಿಲಾಶಾಸನಗಳಿವೆ. ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರಿನ ಶಾಸನಗಳು ಹನ್ನೊಂದನೆಯ ಸಂಪುಟದಲ್ಲಿವೆ. ಈ ಬಗೆಯ ಶಾಸನಗಳಲ್ಲಿ ಬಹುಪಾಲು ದಾನದ ದಾಖಲೆಗಳೇ. ದೇವರ ಸೇವೆಗೆ ಇಷ್ಟು ಗದ್ದೆ, ನಂದಾದೀಪಕ್ಕೆ ಇಷ್ಟು ಎಣ್ಣೆ, ಕೆರೆಯ ದುರಸ್ತಿಗೆ ಇಷ್ಟು ಭೂಮಿ ಎಂದು ಕಲ್ಲಿನಲ್ಲಿ ಕೊರೆಯಿಸಿದ್ದಾರೆ. ದಾನ ಕೊಡುವುದಕ್ಕಿಂತಲೂ ಕೊಟ್ಟ ದಾನವನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂಬ ಅರ್ಥದ ಮಾತು ಇಂತಹ ಅನೇಕ ಶಾಸನಗಳ ಕೊನೆಯಲ್ಲಿ ಬರುತ್ತದೆ. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಮುಂದೆ ಅದರ ಅಗತ್ಯ ಬೀಳುತ್ತದೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದರೆ ಶಾಂತಿಸಾಗರವನ್ನು ನೋಡದವರು ನಮ್ಮಲ್ಲಿ ವಿರಳ. ಗುಡ್ಡಗಳ ನಡುವಣ ಕಣಿವೆಗೆ ಏರಿ ಹಾಕಿ ನೀರು ನಿಲ್ಲಿಸಿದ ಆ ಮಹಾ ತಟಾಕವನ್ನು ಶಾಂತವ್ವೆ ಎಂಬ ಹೆಣ್ಣುಮಗಳು ಕಟ್ಟಿಸಿದಳೆಂದು ಹಿರಿಯರು ಕಥೆ ಹೇಳುತ್ತಾರೆ. ಕಥೆಯ ವಿವರ ಊರಿಂದೂರಿಗೆ ಬದಲಾಗುತ್ತದೆ. ಆದರೆ ಶತಮಾನಗಳು ಉರುಳಿದರೂ ಆ ಕೆರೆಯ ನೀರು ಜಾತಿ ಮತಗಳನ್ನು ಕೇಳದೆ ಗದ್ದೆಗೆ ಹರಿಯುತ್ತಿರುವುದು ಕಣ್ಣಿಗೆ ಕಾಣುವ ಸತ್ಯ.

ಇನ್ನೊಂದು ಪದ್ಧತಿಯೂ ನಮ್ಮ ಹಿರಿಯರಿಗೆ ಚಿರಪರಿಚಿತವಾಗಿತ್ತು. ಸುಗ್ಗಿಯ ಕಾಲದಲ್ಲಿ ಕಣದಲ್ಲಿ ರಾಶಿ ಮಾಡಿದ ಒಕ್ಕಲಿಗನು ಧಾನ್ಯವನ್ನು ನೇರವಾಗಿ ಮನೆಗೆ ಒಯ್ಯುತ್ತಿರಲಿಲ್ಲ. ಬಡಗಿ, ಕಮ್ಮಾರ, ಕುಂಬಾರ, ಅಗಸ, ನೀರುಗಂಟಿ, ತಳವಾರ ಮೊದಲಾದ ಆಯಗಾರರಿಗೆ ಅವರವರ ಪಾಲನ್ನು ಅಳೆದು ಕೊಟ್ಟ ಮೇಲೆಯೇ ಉಳಿದದ್ದು ತನ್ನದೆಂದು ತಿಳಿಯುತ್ತಿದ್ದನು. ಈ ಪದ್ಧತಿಯಲ್ಲಿ ದೋಷವಿರಲಿಲ್ಲವೆಂದಲ್ಲ. ಕಣದ ಅಂಚಿನಲ್ಲಿ ಕೊನೆಗೆ ನಿಂತವನ ಪಾಲಿಗೆ ಗುಡಿಸಿದ ಕಾಳೇ ಗತಿಯಾಗುತ್ತಿತ್ತು. ಆದರೂ ‘ಬೆಳೆದದ್ದೆಲ್ಲ ನನ್ನದಲ್ಲ’ ಎಂಬ ಅರಿವು ಆ ಕಣದಲ್ಲಿತ್ತು. ಪವಿತ್ರ ಗ್ರಂಥದ ದಶಮಾಂಶವನ್ನು ಅರಿಯಲು ನಮ್ಮ ಜನರಿಗೆ ಇದಕ್ಕಿಂತ ಸಮೀಪದ ದೃಷ್ಟಾಂತ ಬೇಕಿಲ್ಲ.

ಪವಿತ್ರ ಗ್ರಂಥದಲ್ಲಿ ದಶಮಾಂಶ

ಹತ್ತರಲ್ಲಿ ಒಂದು ಪಾಲಿಗೆ ದಶಮಾಂಶವೆಂದು ಹೆಸರು. ಅಬ್ರಹಾಮನು ಯುದ್ಧದಿಂದ ಹಿಂದಿರುಗಿ ಯಾಜಕನಾದ ಮೆಲ್ಕಿಸದೇಕನಿಗೆ ಹತ್ತನೆಯ ಪಾಲನ್ನು ಕೊಟ್ಟ ವೃತ್ತಾಂತ ಆದಿಕಾಂಡದಲ್ಲಿದೆ. ಆಗ ಮೋಶೆಯ ಧರ್ಮಶಾಸ್ತ್ರವಿನ್ನೂ ಬಂದಿರಲಿಲ್ಲ. ಆದುದರಿಂದ ಆ ಕೊಡುಗೆ ಆಜ್ಞೆಗೆ ಮಣಿದದ್ದಲ್ಲ, ಕೃತಜ್ಞತೆಯಿಂದ ಹುಟ್ಟಿದ್ದು. ಯಕೋಬನೂ ಬೇತೇಲಿನಲ್ಲಿ ಇದೇ ಹರಕೆಯನ್ನು ಹೊತ್ತನು. ಅನಂತರ ಇಸ್ರಯೇಲರಿಗೆ ಇದು ಧರ್ಮವಿಧಿಯಾಯಿತು.

ಈ ವಿಧಿಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಎರಡು ಅಂಶಗಳಿವೆ. ಮೊದಲನೆಯದು ಸಂಖ್ಯಾಕಾಂಡದ ಹದಿನೆಂಟನೆಯ ಅಧ್ಯಾಯದಲ್ಲಿದೆ. ಭೂಮಿಯಲ್ಲಿ ಪಾಲಿಲ್ಲದ ಲೇವಿಯರಿಗೆ ಜನರು ದಶಮಾಂಶ ಕೊಡಬೇಕಿತ್ತು. ಆದರೆ ಲೇವಿಯರೂ ತಮಗೆ ಬಂದುದರಲ್ಲಿ ಹತ್ತನೆಯ ಒಂದು ಪಾಲನ್ನು ದೇವರಿಗೆಂದು ತೆಗೆದಿಡಬೇಕಿತ್ತು. ಅಂದರೆ ಪಡೆಯುವವನಿಗೂ ಕೊಡುವ ಕರ್ತವ್ಯ ತಪ್ಪಿದ್ದಲ್ಲ. ಎರಡನೆಯದು ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯದಲ್ಲಿದೆ. ಮೂರು ವರ್ಷಗಳಿಗೊಮ್ಮೆ ದಶಮಾಂಶವನ್ನು ಊರಿನಲ್ಲೇ ಸಂಗ್ರಹಿಸಿಡಬೇಕು. ಲೇವಿಯನೂ ಪರದೇಶಿಯೂ ಅನಾಥನೂ ವಿಧವೆಯೂ ಬಂದು ಅದರಿಂದ ಹೊಟ್ಟೆತುಂಬ ಉಣ್ಣಬೇಕು. ದೇವರ ಪಾಲಿನಲ್ಲಿ ಬಡವರ ಪಾಲು ಮೊದಲಿನಿಂದಲೂ ಅಡಗಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಯೇಸುಸ್ವಾಮಿ ದಶಮಾಂಶವನ್ನು ನಿರಾಕರಿಸಲಿಲ್ಲ. ಆದರೆ ಪುದೀನ, ಜೀರಿಗೆಗಳಲ್ಲಿಯೂ ಲೆಕ್ಕ ಹಿಡಿದು ಹತ್ತನೆಯ ಪಾಲು ತೆಗೆದು, ನ್ಯಾಯ, ದಯೆ, ವಿಶ್ವಾಸಗಳನ್ನು ಮರೆತ ಫರಿಸಾಯರನ್ನು ಕಠಿಣವಾಗಿ ಖಂಡಿಸಿದರು. ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು, ಎರಡು ಪುಟ್ಟ ಕಾಸುಗಳನ್ನು ಹಾಕಿದ ಬಡ ವಿಧವೆಯೇ ಎಲ್ಲರಿಗಿಂತ ಹೆಚ್ಚು ಕೊಟ್ಟಳೆಂದು ಶಿಷ್ಯರಿಗೆ ತೋರಿಸಿದರು. ಆ ವಿಧವೆಯ ಹೆಸರನ್ನು ಶುಭಸಂದೇಶಕಾರರು ಬರೆಯಲಿಲ್ಲ. ಅವಳ ಹೆಸರು ದೇವರಿಗೆ ಗೊತ್ತು, ಅಷ್ಟೇ ಸಾಕಾಯಿತು.

ಆದಿ ಧರ್ಮಸಭೆಯ ರೀತಿ

ಜೆರುಸಲೇಮಿನ ಮೊದಲ ಕ್ರೈಸ್ತರು ಹತ್ತನೆಯ ಪಾಲನ್ನಷ್ಟೇ ಅಲ್ಲ, ಹೊಲ ಮನೆಗಳನ್ನು ಮಾರಿ ಬಂದ ಹಣವನ್ನು ಪ್ರೇಷಿತರ ಪಾದಗಳ ಬಳಿ ತಂದಿಟ್ಟರೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಸಂತ ಪೌಲರು ಜೆರುಸಲೇಮಿನ ಬಡವರಿಗಾಗಿ ಕೊರಿಂಥದ ಸಭೆಯಿಂದ ಸಹಾಯ ಬೇಡುವಾಗ ವಾರದ ಮೊದಲನೆಯ ದಿನ ಪ್ರತಿಯೊಬ್ಬನೂ ತನ್ನ ಗಳಿಕೆಗೆ ತಕ್ಕಂತೆ ತೆಗೆದಿಡಲಿ ಎಂದರು. ಇಷ್ಟೇ ಎಂದು ಅಂಕಿ ಹೇಳಲಿಲ್ಲ. ಒತ್ತಾಯದಿಂದ ಕೊಡುವುದು ದೇವರಿಗೆ ಪ್ರಿಯವಲ್ಲವೆಂದೂ ಬೋಧಿಸಿದರು.

ಎರಡನೆಯ ಶತಮಾನದ ಮಧ್ಯಭಾಗದಲ್ಲಿ ರೋಮಿನಲ್ಲಿದ್ದ ರಕ್ತಸಾಕ್ಷಿ ಸಂತ ಜಸ್ಟಿನರು ಭಾನುವಾರದ ಪೂಜೆಯನ್ನು ವರ್ಣಿಸುತ್ತಾ, ಅನುಕೂಲವುಳ್ಳವರು ಮನಬಂದಷ್ಟು ಕೊಡುತ್ತಿದ್ದುದನ್ನೂ, ಕೂಡಿದ ಹಣದಿಂದ ಸಭಾಧ್ಯಕ್ಷರು ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು, ಪರಸ್ಥಳದಿಂದ ಬಂದವರು ಇವರನ್ನು ಪೋಷಿಸುತ್ತಿದ್ದುದನ್ನೂ ತಿಳಿಸಿದ್ದಾರೆ. ಇಂದು ನಾವು ಪೂಜೆಯ ಮಧ್ಯೆ ಹಿಡಿಯುವ ಕಾಣಿಕೆ ತಟ್ಟೆಯ ಮೂಲ ಇದೇ. 258ರಲ್ಲಿ ರೋಮಿನ ಅಧಿಕಾರಿ ಧರ್ಮಸಭೆಯ ಭಂಡಾರವನ್ನು ಒಪ್ಪಿಸೆಂದಾಗ, ಉಪಯಾಜಕ ಸಂತ ಲಾರೆನ್ಸರು ಬಡವರನ್ನು ಕರೆತಂದು ಇವರೇ ಆ ಭಂಡಾರವೆಂದು ತೋರಿಸಿದರೆಂಬ ಪರಂಪರೆಯನ್ನು ನಮ್ಮ ಮಕ್ಕಳೂ ಬಲ್ಲರು.

ದಶಮಾಂಶ ಕಂದಾಯವಾದ ಕಾಲ

ಕಾಲಕ್ರಮದಲ್ಲಿ ಧರ್ಮಸಭೆ ಬೆಳೆಯಿತು, ಖರ್ಚೂ ಬೆಳೆಯಿತು. ಐದನೆಯ ಶತಮಾನದ ಕೊನೆಯಲ್ಲಿ ಜಗದ್ಗುರು ಗೆಲಾಸಿಯುಸರು ಧರ್ಮಸಭೆಯ ಆದಾಯವನ್ನು ನಾಲ್ಕು ಪಾಲು ಮಾಡಬೇಕೆಂದು ವಿಧಿಸಿದರು: ಧರ್ಮಾಧ್ಯಕ್ಷರಿಗೊಂದು, ಗುರುಗಳಿಗೊಂದು, ಬಡವರಿಗೊಂದು, ದೇವಾಲಯದ ಕಟ್ಟಡಕ್ಕೊಂದು. ಇದು ನ್ಯಾಯವಾದ ಹಂಚಿಕೆ. 585ರಲ್ಲಿ ಫ್ರಾನ್ಸಿನ ಮಾಕೋನ್ ನಗರದಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆ ದಶಮಾಂಶ ಕೊಡದವರಿಗೆ ಬಹಿಷ್ಕಾರವೆಂದು ಸಾರಿತು. 779ರಲ್ಲಿ ಚಾರ್ಲ್ಸ್ ಮಹಾರಾಜನು ಅದನ್ನು ರಾಜಶಾಸನವನ್ನಾಗಿ ಮಾಡಿದನು.

ಅಲ್ಲಿಂದ ಮುಂದಿನ ಕಥೆಯಲ್ಲಿ ಬೆಳಕೂ ಇದೆ, ಕತ್ತಲೂ ಇದೆ. ಆ ಹಣದಿಂದ ಯೂರೋಪಿನ ಹಳ್ಳಿಹಳ್ಳಿಯಲ್ಲಿ ದೇವಾಲಯ, ಶಾಲೆ, ಆಸ್ಪತ್ರೆಗಳು ನಡೆದವು. ಆದರೆ ಅನೇಕ ಕಡೆ ದಶಮಾಂಶದ ಹಕ್ಕು ಜಮೀನ್ದಾರರ ಕೈಸೇರಿತು. ಒಂದು ಊರಿನ ರೈತನು ಕೊಟ್ಟ ಧಾನ್ಯವನ್ನು ಎಂದೂ ಆ ಊರನ್ನು ಕಾಣದವನು ಉಂಡನು. ಬಡವರ ನಾಲ್ಕನೆಯ ಪಾಲು ಮರೆತುಹೋಯಿತು. ದೇವರ ಪಾಲೆಂದು ಕೊಡುತ್ತಿದ್ದುದು ಕಂದಾಯವಾಯಿತು. ಕೊಡುವ ಕೈಯಲ್ಲಿ ಭಕ್ತಿಯಿರಬೇಕಾದಲ್ಲಿ ಕಹಿ ತುಂಬಿತು. 1789ರ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ಕ್ರಾಂತಿಸಭೆ ದಶಮಾಂಶವನ್ನು ರದ್ದುಗೊಳಿಸಿದಾಗ ಆ ದೇಶದ ರೈತರು ಕಣ್ಣೀರು ಹಾಕಲಿಲ್ಲ. ಕೊಟ್ಟ ದಾನವನ್ನು ಕಾಪಾಡುವುದೇ ಹೆಚ್ಚಿನದೆಂದು ನಮ್ಮ ಶಾಸನಗಳು ಸಾರಿದ ಮಾತನ್ನು ಇಲ್ಲಿ ನೆನೆಯಬೇಕು. ಕಾಪಾಡುವ ಕೈ ಸಡಿಲವಾದಲ್ಲಿ ಕೊಡುವ ಕೈಯೂ ಹಿಂದೆ ಸರಿಯುತ್ತದೆ.

ಕನ್ನಡ ನಾಡಿಗೆ ಬಂದ ಬಡವರ ಕಾಸು

ಆಶ್ಚರ್ಯವೆಂದರೆ, ದಶಮಾಂಶ ರದ್ದಾದ ಅದೇ ಫ್ರಾನ್ಸಿನಿಂದಲೇ ಕೊಡುವಿಕೆಯ ಹೊಸ ಮಾದರಿಯೊಂದು ಹುಟ್ಟಿಬಂದಿತು. ಲಿಯೋನ್ ನಗರದ ರೇಷ್ಮೆ ಉದ್ಯಮಿಯೊಬ್ಬರ ಮಗಳು ಪೌಲೀನ್ ಜಾರಿಕೊ. 1799ರಲ್ಲಿ ಜನಿಸಿದ ಈಕೆ ರೇಷ್ಮೆ ಕಾರ್ಖಾನೆಯ ಕೂಲಿ ಹೆಣ್ಣುಮಕ್ಕಳನ್ನು ಹತ್ತು ಹತ್ತು ಮಂದಿಯ ಗುಂಪುಗಳಾಗಿ ಮಾಡಿದರು. ಪ್ರತಿಯೊಬ್ಬಳೂ ದಿನಕ್ಕೊಂದು ಪ್ರಾರ್ಥನೆ ಹೇಳಬೇಕು, ವಾರಕ್ಕೊಂದು ‘ಸೂ’ ಎಂಬ ಸಣ್ಣ ಕಾಸು ಕೊಡಬೇಕು. ಹತ್ತು ಗುಂಪುಗಳಿಗೊಬ್ಬ ಮುಖ್ಯಸ್ಥೆ. ಹತ್ತರಲ್ಲಿ ಒಂದನ್ನು ಕೇಳುವ ಬದಲು ಹತ್ತು ಮಂದಿಯನ್ನು ಒಂದುಗೂಡಿಸಿದ್ದು ಈಕೆಯ ಜಾಣ್ಮೆ. ಈ ಕಾಸುಗಳಿಂದಲೇ 1822ರ ಮೇ 3ರಂದು ‘ವಿಶ್ವಾಸ ಪ್ರಸಾರ ಸಭೆ’ ಸ್ಥಾಪನೆಯಾಯಿತು. ಕೂಲಿಕಾರರಿಗಾಗಿ ಕೈಗೊಂಡ ಉದ್ಯಮವೊಂದರಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಪೌಲೀನ್ 1862ರಲ್ಲಿ ಕಡು ಬಡತನದಲ್ಲಿ ತೀರಿಕೊಂಡರು. 2022ರ ಮೇ 22ರಂದು ಧರ್ಮಸಭೆ ಆಕೆಯನ್ನು ಪುನೀತೆಯೆಂದು ಘೋಷಿಸಿತು.

ನಮಗೂ ಆಕೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಯೇಸುಸಭೆಯ ಗುರುಗಳು ಹದಿನೇಳನೆಯ ಶತಮಾನದಲ್ಲಿ ಆರಂಭಿಸಿದ ಮೈಸೂರು ಮಿಷನ್, ಆ ಸಭೆ 1773ರಲ್ಲಿ ರದ್ದಾದ ಮೇಲೆ, 1776ರಲ್ಲಿ ಪ್ಯಾರಿಸ್ಸಿನ ವಿದೇಶೀ ಮಿಷನ್ ಗುರುಗಳ ಹೊಣೆಗೆ ಬಂದಿತು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಚದುರಿದ್ದ ಕ್ರೈಸ್ತರನ್ನು ಒಂದುಗೂಡಿಸಿದ ಆಬೆ ದ್ಯುಬುವಾ ಇದೇ ಸಂಸ್ಥೆಯವರು. ಅವರು ಪೂಜೆ ಪ್ರಸಂಗಗಳಿಗಷ್ಟೇ ನಿಲ್ಲದೆ ನಿರ್ಗತಿಕ ಕ್ರೈಸ್ತರನ್ನು ಬೇಸಾಯದಲ್ಲಿ ನೆಲೆಗೊಳಿಸಿದರು. ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯಕ್ಕಿಳಿದು 1803–04ರಲ್ಲಿ 25,432 ಮಂದಿಗೆ ಹಾಕಿಸಿದರೆಂದು ದಾಖಲೆಯಿದೆ. ಮುಂದೆ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಈ ಮಿಷನ್ನಿಗೆ ವಿಶ್ವಾಸ ಪ್ರಸಾರ ಸಭೆಯ ನೆರವು ಬರುತ್ತಿತ್ತು. ಮೈಸೂರನ್ನು ಎಂದೂ ಕಾಣದ ಕೂಲಿ ಹೆಣ್ಣುಮಕ್ಕಳ ಕಾಸು ಇಲ್ಲಿಯ ದೇವಾಲಯಗಳ ಗೋಡೆಯಲ್ಲಿ, ಶಾಲೆಗಳ ಹಲಗೆಯಲ್ಲಿ ಸೇರಿದೆ.

ಆ ಕಾಸಿನ ಬೆಲೆ ತಿಳಿದದ್ದು 1876–78ರ ಮಹಾಕ್ಷಾಮದಲ್ಲಿ. ಧಾತು, ಈಶ್ವರ ಸಂವತ್ಸರಗಳ ಬರವೆಂದು ನಮ್ಮ ಅಜ್ಜಂದಿರು ಅದನ್ನು ಕರೆಯುತ್ತಿದ್ದರು. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು ಎಂದರೆ ಆ ಬರದ ಭೀಕರತೆ ಅರಿವಾದೀತು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಷನ್ನಿನ ಗುರುಗಳೂ ಕನ್ಯಾಸ್ತ್ರೀಯರೂ ಎತ್ತಿಕೊಂಡು ಸಾಕಿದರು. ಅಂದು ಉಳಿದ ಜೀವಗಳ ಸಂತತಿ ಇಂದು ಕರ್ನಾಟಕದ ಹಲವು ಧರ್ಮಕೇಂದ್ರಗಳಲ್ಲಿದೆ.

1850ರಲ್ಲಿ ಪ್ರತ್ಯೇಕ ಪ್ರಾಂತ್ಯವಾದ ಮೈಸೂರು 1886ರಲ್ಲಿ ಧರ್ಮಕ್ಷೇತ್ರವಾಯಿತು. 1963ರಲ್ಲಿ ಚಿಕ್ಕಮಗಳೂರು, 1988ರಲ್ಲಿ ಶಿವಮೊಗ್ಗ ಧರ್ಮಕ್ಷೇತ್ರಗಳು ಉದಯಿಸಿದವು. ಈ ನಡುವೆ ಭದ್ರಾ ಅಣೆಕಟ್ಟಿನ ಕೆಲಸ, ಭದ್ರಾವತಿಯ ಕಾರ್ಖಾನೆ, ಮಲೆನಾಡಿನ ತೋಟಗಳು ನಾನಾ ಕಡೆಯಿಂದ ಕ್ರೈಸ್ತ ಕುಟುಂಬಗಳನ್ನು ಈ ಭಾಗಕ್ಕೆ ತಂದವು. ತಮಿಳು, ಮಲೆಯಾಳ ಭಾಷಿಕರು ತಮ್ಮ ಹರಕೆಗಳನ್ನು ತಂದರು. ಕರಾವಳಿಯ ಕೊಂಕಣಿ ಕುಟುಂಬಗಳು ಸೆಪ್ಟೆಂಬರ್ 8ರ ತೆನೆಹಬ್ಬವನ್ನು ತಂದವು. ಮಾತೆ ಮರಿಯಮ್ಮನವರ ಜನ್ಮದಿನದಂದು ಹೊಸ ತೆನೆಯನ್ನು ಪೀಠದ ಮುಂದಿಟ್ಟು ಆಶೀರ್ವಾದ ಪಡೆದು, ಮನೆಯವರೆಲ್ಲರೂ ಕೂಡಿ ಹೊಸ ಅಕ್ಕಿ ಉಣ್ಣುವ ಈ ಆಚರಣೆ ಮೋಶೆಯ ಕಾಲದ ಪ್ರಥಮಫಲದ ಕಾಣಿಕೆಯ ಸೋದರಿಯೇ ಸರಿ. ಅದೇ ದಿನ ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ನಮ್ಮ ತಾಲ್ಲೂಕುಗಳಿಂದ ಹೋಗುವ ಯಾತ್ರಿಕರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಕೊಡುವ ಭಾವ ಅವರಲ್ಲಿಯೂ ಕಡಿಮೆಯಿಲ್ಲ.

ಇಂದಿನ ನಮ್ಮ ಕರ್ತವ್ಯ

ಹಾಗಾದರೆ ಇಂದಿನ ಕಥೋಲಿಕನು ಹತ್ತನೆಯ ಪಾಲು ಕೊಡಲೇಬೇಕೇ? ಧರ್ಮಸಭೆಯ ಇಂದಿನ ಕಾನೂನು ಅಂಕಿಯನ್ನು ವಿಧಿಸುವುದಿಲ್ಲ. 1983ರ ಕಾನೂನು ಸಂಹಿತೆಯ 222ನೆಯ ವಿಧಿ ಪ್ರತಿಯೊಬ್ಬ ವಿಶ್ವಾಸಿಯೂ ಆರಾಧನೆ, ಪ್ರೇಷಿತಕಾರ್ಯ, ದಯಾಕಾರ್ಯ, ಸೇವಕರ ಜೀವನ ಇವುಗಳಿಗೆ ನೆರವಾಗಲು ಬದ್ಧನೆಂದು ಹೇಳಿ, ಅದೇ ಉಸಿರಿನಲ್ಲಿ ಸಾಮಾಜಿಕ ನ್ಯಾಯವನ್ನು ಬೆಳೆಸಲು, ಸ್ವಂತ ಗಳಿಕೆಯಿಂದ ಬಡವರಿಗೆ ಸಹಾಯ ಮಾಡಲು ಬದ್ಧನೆಂದೂ ಹೇಳುತ್ತದೆ. ಹತ್ತನೆಯ ಪಾಲು ಒಂದು ಅಳತೆಗೋಲು, ಸಂಕೋಲೆಯಲ್ಲ.

ಅಂಕಿಯೊಂದನ್ನೇ ಹಿಡಿದರೆ ನ್ಯಾಯ ತಪ್ಪುವುದು ನಮ್ಮ ಸೀಮೆಯಲ್ಲಿಯೇ ಕಾಣುತ್ತದೆ. ಚನ್ನಗಿರಿಯ ಅಡಿಕೆ ತೋಟದವನು ಒಳ್ಳೆಯ ಧಾರಣೆ ಬಂದ ವರ್ಷ ಹತ್ತನೆಯ ಪಾಲು ಕೊಟ್ಟರೂ ಅವನ ಊಟದ ಎಲೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ಹೊನ್ನಾಳಿ, ನ್ಯಾಮತಿಗಳ ನಾಲೆಯ ಬಯಲಿನಲ್ಲಿ ಭತ್ತ ಬೆಳೆಯುವವನಿಗೆ ಗೊಬ್ಬರದ ಸಾಲ ತೀರಿಸಿ ಉಳಿಯುವುದೇ ಲೆಕ್ಕ. ಮಳೆಯನ್ನೇ ನೆಚ್ಚಿದ ಜಗಳೂರಿನ ಹೊಲದಲ್ಲಿ ಮೆಕ್ಕೆಜೋಳವೋ ಶೇಂಗಾವೋ ಒಣಗಿದ ವರ್ಷ ದೇವರಿಗೆಂದು ಒಂದು ಸೇರು ತೆಗೆದಿಡುವ ತಾಯಿ ತನ್ನ ಮಕ್ಕಳ ಗಂಜಿಯಿಂದಲೇ ಅದನ್ನು ತೆಗೆಯುತ್ತಾಳೆ. ಈ ಮೂವರನ್ನೂ ಒಂದೇ ಕೊಳಗದಲ್ಲಿ ಅಳೆಯುವುದು ಧರ್ಮವಲ್ಲ. ಇದ್ದವನಿಗೆ ಹತ್ತನೆಯ ಪಾಲು ಆರಂಭವಾಗಲಿ. ಇಲ್ಲದವನಿಂದ ಒಂದು ಹಿಡಿ ಬಂದರೂ ಅದನ್ನು ಪೂರ್ಣ ಕಾಣಿಕೆಯೆಂದು ಕಣ್ಣಿಗೊತ್ತಿಕೊಳ್ಳೋಣ. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಮಹಿಳೆಯರು 1910ರಿಂದ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ದೇವರಿಗೆಂದು ಬೇರೆ ಪಾತ್ರೆಯಲ್ಲಿ ತೆಗೆದಿಡುತ್ತಾ, ಆ ಹಿಡಿ ಅಕ್ಕಿಯಿಂದಲೇ ತಮ್ಮ ಸಭೆಯ ಮಹತ್ಕಾರ್ಯಗಳಿಗೆ ಆಧಾರವಾಗಿದ್ದಾರೆ. ನಮ್ಮ ಮನೆಗಳ ಒಲೆಯ ಬಳಿಯೂ ಅಂತಹ ಪಾತ್ರೆಗೆ ಜಾಗವಿದೆ.

ಕೊಡಲು ಏನೂ ಇಲ್ಲವೆಂಬ ನಾಚಿಕೆಯಿಂದ ದೇವಾಲಯದ ಬಾಗಿಲಲ್ಲಿಯೇ ನಿಲ್ಲುವ ಕುಟುಂಬಗಳು ಎಲ್ಲ ಊರುಗಳಲ್ಲಿಯೂ ಇವೆ. ಅವರಿಗೆ ಈ ಮಾತನ್ನು ಒತ್ತಿ ಹೇಳಬಯಸುತ್ತೇವೆ: ಬಡತನದ ಕಾರಣದಿಂದ ಯಾರಿಗೂ ಸಂಸ್ಕಾರಗಳ ನೆರವು ತಪ್ಪಬಾರದೆಂದು ಅದೇ ಸಂಹಿತೆಯ 848ನೆಯ ವಿಧಿ ಗುರುಗಳಿಗೆ ಆಜ್ಞಾಪಿಸಿದೆ. ಜ್ಞಾನಸ್ನಾನಕ್ಕಾಗಲಿ, ವಿವಾಹಕ್ಕಾಗಲಿ, ಮರಣದ ಪೂಜೆಗಾಗಲಿ ಬರಿಗೈಯಲ್ಲಿ ಬಂದವರು ತಲೆ ಎತ್ತಿಯೇ ಒಳಗೆ ಬರಬೇಕು.

ಕೊಡುವವರ ಕರ್ತವ್ಯದಂತೆಯೇ ಪಡೆಯುವವರ ಕರ್ತವ್ಯವೂ ಇದೆ. ಒಂದು ಉದ್ದೇಶಕ್ಕೆಂದು ಕೊಟ್ಟದ್ದನ್ನು ಆ ಉದ್ದೇಶಕ್ಕೇ ಬಳಸಬೇಕೆಂದು 1267ನೆಯ ವಿಧಿ, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1287ನೆಯ ವಿಧಿ, ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸು ಸಮಿತಿ ಇರಬೇಕೆಂದು 537ನೆಯ ವಿಧಿ ಹೇಳುತ್ತವೆ. ವರ್ಷಕ್ಕೊಮ್ಮೆ ಬಾಗಿಲ ಬಳಿಯ ಹಲಗೆಗೆ ಅಂಟಿಸುವ ಜಮಾ ಖರ್ಚಿನ ಹಾಳೆಯೇ ನಮ್ಮ ಕಾಲದ ಶಿಲಾಶಾಸನ. ಅದನ್ನು ಕೇಳುವುದು ಭಕ್ತರ ಹಕ್ಕು. ಕೇಳಿದವರ ಮೇಲೆ ಮುನಿಸಿಕೊಳ್ಳುವುದು ಗುರುವಿಗೆ ಶೋಭೆಯಲ್ಲ. ಲೇವಿಯರು ತಮ್ಮ ಪಾಲಿನಿಂದ ಹತ್ತನೆಯದನ್ನು ತೆಗೆದಂತೆ ಧರ್ಮಕೇಂದ್ರವೂ ತನ್ನ ಆದಾಯದ ಹತ್ತನೆಯ ಪಾಲನ್ನು ಜಾತಿ ಮತ ನೋಡದೆ ಊರಿನ ಬಡವರಿಗೆಂದು ತೆಗೆದಿಟ್ಟರೆ, ದಶಮಾಂಶದ ಬಗ್ಗೆ ಬೋಧಿಸುವ ಅಧಿಕಾರ ನಮಗೆ ತಾನಾಗಿ ಬರುತ್ತದೆ.

ಇನ್ನೊಂದು ಮಾತು. ಪಂಖ, ಬೆಂಚು, ಗಂಟೆ, ಗಡಿಯಾರಗಳ ಮೇಲೆ ದಾನಿಗಳ ಹೆಸರು ಬರೆಸುವ ರೂಢಿ ನಮ್ಮ ದೇವಾಲಯಗಳಲ್ಲಿದೆ. ಉಪಕಾರ ಸ್ಮರಣೆ ತಪ್ಪಲ್ಲ. ಈ ಸಂಚಿಕೆಯಲ್ಲಿಯೂ ದಾನಿಗಳಿಗೆ ವಂದನೆ ಸಲ್ಲಿಸಿದ್ದೇವೆ. ಆದರೆ ಅಡಿಪಾಯಕ್ಕೆ ಮಣ್ಣು ಹೊತ್ತವರ, ಪ್ರತಿ ಶನಿವಾರ ನೆಲ ಗುಡಿಸಿದವರ, ಹಬ್ಬಕ್ಕೆಂದು ಒಂದು ಕೋಳಿಮೊಟ್ಟೆಯನ್ನು ಹರಾಜಿಗಿಟ್ಟ ಅಜ್ಜಿಯರ ಹೆಸರು ಯಾವ ಫಲಕದಲ್ಲಿಯೂ ಇರುವುದಿಲ್ಲ. ಶತಮಾನೋತ್ಸವದ ಪೂಜೆಯಲ್ಲಿ ಮೊದಲು ನೆನೆಯಬೇಕಾದವರು ಅವರು.

ನಮ್ಮ ಹಿರಿಯರಿಗೆ ಹೊರದೇಶದ ಬಡವರು ಕೊಟ್ಟರು. ಆ ಋಣವನ್ನು ಅವರಿಗೇ ಹಿಂದಿರುಗಿಸುವಂತಿಲ್ಲ, ಮುಂದಿನವರಿಗೆ ಸಲ್ಲಿಸಬೇಕು. ಅಕ್ಟೋಬರ್ ತಿಂಗಳ ಮಿಷನ್ ಭಾನುವಾರದಂದು ನಮ್ಮ ತಟ್ಟೆಯಲ್ಲಿ ಬೀಳುವ ಕಾಸು ನಾವು ಎಂದೂ ಕಾಣದ ದೇಶದ ಗೋಡೆಯಾಗುತ್ತದೆ. ನೆರೆಯ ಮನೆಯ ರೋಗಿಗೆ ಕೊಡುವ ಔಷಧದ ಹಣವೂ ಅದೇ ಕಾಣಿಕೆಯ ಇನ್ನೊಂದು ರೂಪ. ರಾಶಿಯನ್ನು ಮನೆಗೊಯ್ಯುವ ಮುನ್ನ ಅನ್ಯರ ಪಾಲನ್ನು ಅಳೆಯುತ್ತಿದ್ದ ನಮ್ಮ ನೆಲದ ಸದ್ಗುಣವೂ, ತಮ್ಮನ್ನೇ ಪೂರ್ಣವಾಗಿ ಕೊಟ್ಟ ಯೇಸುಸ್ವಾಮಿಯ ಪ್ರೀತಿಯೂ ನಮ್ಮಲ್ಲಿ ಕೂಡಲಿ. ಕೊಡುವವರ ಕೈ ಬರಿದಾಗದಿರಲಿ, ಪಡೆಯುವವರ ಕೈ ಶುದ್ಧವಾಗಿರಲಿ, ಇವೆರಡನ್ನೂ ಪ್ರಭುವು ಆಶೀರ್ವದಿಸಲಿ ಎಂದು ಹಾರೈಸುತ್ತೇವೆ.